ನಾಲಿಗೆಯ ಕಥೆ ಉಳಿಯಿತು, ಕಣ್ಣಿನ ಕಥೆ ಮರೆಯಾಯಿತು

ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಹಾಸ್ಟೆಲಿನಲ್ಲಿ ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದ ಗೆಳೆಯನೊಬ್ಬ ನಿದ್ದೆಗಣ್ಣಿನಲ್ಲಿ ‘ಬಿಸಿ ನೀರು’ ಎನ್ನಲು ಹೋಗಿ ‘ನಿಸಿ ಬೀರು’ ಎಂದುಬಿಟ್ಟ. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ದಿನದಿಂದ ಅದೇ ಒಂದು ಆಟವಾಯಿತು. ಕಡಲೆ ಬೀಜ ‘ಬಡಲೆ ಕೀಜ’ವಾಯಿತು, ಕೋಳಿ ಸಾರು ‘ಸೋಳಿ ಕಾರು’ ಆಯಿತು, ಹಾಲು ಮೊಸರು ‘ಮಾಲು ಹೊಸರು’ ಆಯಿತು. ಎರಡು ಪದಗಳ ಮೊದಲ ಅಕ್ಷರಗಳು ಹೀಗೆ ಜಾಗ ಬದಲಿಸಿಕೊಳ್ಳುವುದಕ್ಕೆ ಇಂಗ್ಲಿಷ್‌ನಲ್ಲಿ ಸ್ಪೂನರಿಸಂ ಎನ್ನುತ್ತಾರೆ.

ಕಾಲೇಜಿನ ಕ್ವಿಜ್‌ಗೆ ತಯಾರಿ ನಡೆಸುವಾಗ ಆ ಪದದ ಮೂಲ ಹುಡುಕಿದೆ. ಅದು ಒಬ್ಬ ಮನುಷ್ಯನ ಹೆಸರು. ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ ಎಂಬ ಪ್ರಾಧ್ಯಾಪಕ, ಪಾದ್ರಿ, ಆಕ್ಸ್‌ಫರ್ಡ್‌ನ ಒಂದು ಕಾಲೇಜಿನ ಮುಖ್ಯಸ್ಥ. ಅಷ್ಟನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು. ಆದರೆ ಕೆಳಗಿನ ಒಂದು ಸಾಲು ನನ್ನನ್ನು ತಡೆಯಿತು. ಆತ ಹುಟ್ಟಿನಿಂದ ಆಲ್ಬಿನಿಸಂ ಇದ್ದ ವ್ಯಕ್ತಿ.

ನಮ್ಮ ಹಾಸ್ಟೆಲಿನಲ್ಲಿ ಅಂಥ ಒಬ್ಬ ಜೂನಿಯರ್ ಇದ್ದಾನೆ. ಬಿಳಿ ಕೂದಲು, ಬಿಳಿ ರೆಪ್ಪೆ, ಬಿಸಿಲಿಗೆ ಬಂದರೆ ಕಿರಿದಾಗುವ ಕಣ್ಣು. ಬಂದ ಮೊದಲ ವಾರದಲ್ಲೇ ಅವನಿಗೆ ‘ಫಾರಿನ್’ ಎಂದು ಹೆಸರಿಟ್ಟವರಲ್ಲಿ ನಾನೂ ಒಬ್ಬ. ಅವನು ಉತ್ತರ ಕರ್ನಾಟಕದ ಹಳ್ಳಿಯವನು. ಬೆಂಗಳೂರು ನೋಡಿದ್ದೇ ಕಾಲೇಜಿಗೆ ಸೇರುವಾಗ. ಹಾಗಾಗಿ ಸ್ಪೂನರ್ ಬದುಕನ್ನು ನಾನು ಕ್ವಿಜ್‌ಗಾಗಿ ಓದಲು ಶುರುಮಾಡಿ, ಬೇರೆ ಕಾರಣಕ್ಕಾಗಿ ಓದಿ ಮುಗಿಸಿದೆ.

ಲಂಡನ್ನಿನ ಮಗು

ಸ್ಪೂನರ್ ಹುಟ್ಟಿದ್ದು 1844ರ ಜುಲೈ 22ರಂದು, ಲಂಡನ್ನಿನಲ್ಲಿ. ತಂದೆ ಕಾನೂನು ಓದಿ ನ್ಯಾಯಾಧೀಶರಾದವರು. ಮಗುವಿನ ಕೂದಲು ಬಿಳಿ, ಮುಖ ಗುಲಾಬಿ ಛಾಯೆಯ ಬಿಳಿ, ದೃಷ್ಟಿ ಮಂದ. ಬಿಳಿಯರ ದೇಶದಲ್ಲಿ ಬಿಳಿಯ ಮಗು ಹುಟ್ಟಿದರೆ ಏನು ವಿಶೇಷ ಎಂದು ನಮಗೆ ಅನ್ನಿಸಬಹುದು. ಆದರೆ ಯುರೋಪಿನವರ ಮೈಯಲ್ಲೂ ಮೆಲನಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಅವರ ಕಂದು ಕೂದಲು, ಬಿಸಿಲಿಗೆ ಕಪ್ಪಾಗುವ ಚರ್ಮ, ಕಣ್ಣಿನ ಬಣ್ಣ ಎಲ್ಲಕ್ಕೂ ಅದೇ ಕಾರಣ. ಆಲ್ಬಿನಿಸಂ ಇದ್ದವರಲ್ಲಿ ಆ ಮೆಲನಿನ್ ತೀರಾ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಜಗತ್ತಿನ ಎಲ್ಲ ಜನಾಂಗಗಳಲ್ಲೂ ಇದು ಕಾಣಿಸುತ್ತದೆ. ಹಾವು, ಇಲಿಗಳಲ್ಲೂ ಉಂಟು.

ಇದನ್ನು ನಮ್ಮಲ್ಲಿ ಹಲವರು ತೊನ್ನು ಎಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ. ತೊನ್ನಿನಲ್ಲಿ ಮೊದಲು ಬಣ್ಣ ಇದ್ದ ಚರ್ಮ ನಂತರ ಅಲ್ಲಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಕಣ್ಣಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆಲ್ಬಿನಿಸಂ ಹುಟ್ಟುವಾಗಲೇ ಇರುತ್ತದೆ, ಹೆಚ್ಚಾಗುವುದೂ ಇಲ್ಲ, ಹರಡುವುದೂ ಇಲ್ಲ. ಒಂದೇ ಸಾಮ್ಯವೆಂದರೆ ಎರಡೂ ಮುಟ್ಟಿದರೆ ಅಂಟುವುದಿಲ್ಲ.

ಸ್ಪೂನರ್ ಹುಟ್ಟಿದಾಗ ಇದಕ್ಕೆ ವಿವರಣೆ ಯಾರ ಬಳಿಯೂ ಇರಲಿಲ್ಲ. ಆನುವಂಶಿಕತೆಯ ನಿಯಮಗಳನ್ನು ಕಂಡುಹಿಡಿಯಬೇಕಿದ್ದ ಗ್ರೆಗರ್ ಮೆಂಡೆಲ್ ಆಗಷ್ಟೇ ಸನ್ಯಾಸಿಗಳ ಮಠ ಸೇರಿದ್ದ ತರುಣ. ಅವರ ಬಟಾಣಿ ಗಿಡಗಳ ಲೆಕ್ಕ ಅಚ್ಚಾಗಲು ಇನ್ನೂ 22 ವರ್ಷ ಇತ್ತು. ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1900ರಲ್ಲಿ. ಅಷ್ಟು ಹೊತ್ತಿಗೆ ಸ್ಪೂನರ್‌ಗೆ 55 ದಾಟಿತ್ತು. ಅಂದರೆ ತಾನು ಯಾಕೆ ಹೀಗಿದ್ದೇನೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆಯೇ ಅವರು ಓದಿದರು, ಉದ್ಯೋಗ ಹಿಡಿದರು, ಮದುವೆಯಾದರು, ತಂದೆಯಾದರು.

ಪುಸ್ತಕಕ್ಕೆ ಹತ್ತಿರವಾದ ಮುಖ

ವೇಲ್ಸ್ ಗಡಿಯ ಬಳಿಯ ಆಸ್ವೆಸ್ಟ್ರಿ ಎಂಬ ಊರಿನ ಶಾಲೆಯಲ್ಲಿ ಓದಿದ ಸ್ಪೂನರ್ 1862ರಲ್ಲಿ ವಿದ್ಯಾರ್ಥಿವೇತನ ಗೆದ್ದು ಆಕ್ಸ್‌ಫರ್ಡ್‌ನ ನ್ಯೂ ಕಾಲೇಜಿಗೆ ಬಂದರು. ಹೆಸರು ನ್ಯೂ ಕಾಲೇಜ್ ಆದರೂ ಅದು ಸ್ಥಾಪನೆಯಾದದ್ದು 1379ರಲ್ಲಿ. ಶತಮಾನಗಳ ಕಾಲ ಅಲ್ಲಿಗೆ ವಿಂಚೆಸ್ಟರ್ ಎಂಬ ಒಂದೇ ಶಾಲೆಯ ಹುಡುಗರು ಬರುತ್ತಿದ್ದರು. ಹೊರಗಿನವರಿಗೆ ಬಾಗಿಲು ತೆರೆದಾಗ ಒಳಗೆ ಬಂದ ಮೊದಲಿಗರಲ್ಲಿ ಸ್ಪೂನರ್ ಒಬ್ಬರು. ಹೀಗೆ ಅವರು ಎರಡು ರೀತಿಯಲ್ಲಿ ಹೊರಗಿನವರು. ಶಾಲೆಯೂ ಬೇರೆ, ಬಣ್ಣವೂ ಬೇರೆ.

ಅವರು ಆರಿಸಿಕೊಂಡ ವಿಷಯ ಲ್ಯಾಟಿನ್ ಮತ್ತು ಗ್ರೀಕ್. ಸಣ್ಣಕ್ಷರದ ದಪ್ಪ ಪುಸ್ತಕಗಳ, ಅಡಿಟಿಪ್ಪಣಿಗಳ, ನಿಘಂಟುಗಳ ಲೋಕ ಅದು. ಮಂದ ದೃಷ್ಟಿಯ ಹುಡುಗನಿಗೆ ಇದಕ್ಕಿಂತ ಕಷ್ಟದ ಆಯ್ಕೆ ಇನ್ನೊಂದಿಲ್ಲ. ಆಗ ವಿದ್ಯುತ್ ದೀಪ ಇಲ್ಲ, ಅಕ್ಷರ ದೊಡ್ಡದು ಮಾಡುವ ಪರದೆ ಇಲ್ಲ. ಇದ್ದದ್ದು ಕಿಟಕಿಯ ಬೆಳಕು, ಎಣ್ಣೆ ದೀಪ ಮತ್ತು ಮೇಣದಬತ್ತಿ. ಆದರೂ ಅವರು ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. 1867ರಲ್ಲಿ ಅದೇ ಕಾಲೇಜಿನ ಫೆಲೋ ಆದರು. ಮುಂದೆ ಪಾಠ ಹೇಳುವ ಲೆಕ್ಚರರ್, ಟ್ಯೂಟರ್, 1876ರಿಂದ 1889ರವರೆಗೆ ಡೀನ್. ನಡುವೆ 1875ರಲ್ಲಿ ಪಾದ್ರಿಯ ದೀಕ್ಷೆ, 1878ರಲ್ಲಿ ಫ್ರಾನ್ಸಿಸ್ ಗುಡ್ವಿನ್ ಎಂಬ ಬಿಷಪ್ಪರ ಮಗಳೊಂದಿಗೆ ಮದುವೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದ ಇತಿಹಾಸವನ್ನು ಟಿಪ್ಪಣಿ ಸಮೇತ ಸಂಪಾದಿಸಿ 1891ರಲ್ಲಿ ಪ್ರಕಟಿಸಿದರು. ಒಂದೊಂದು ಪದದ ಪಾಠಾಂತರ ನೋಡಿ ನಿರ್ಧರಿಸಬೇಕಾದ ಕೆಲಸ ಅದು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ದೃಷ್ಟಿ ಮಂದವಾದರೆ ಕನ್ನಡಕ ಹಾಕಿಕೊಂಡರೆ ಮುಗಿಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಕನ್ನಡಕದ ನಂಬರ್ ಮೈನಸ್ 4. ಅದನ್ನು ಹಾಕಿದರೆ ಕೊನೆಯ ಬೆಂಚಿನಿಂದಲೂ ಬೋರ್ಡ್ ಸ್ಪಷ್ಟ. ನನ್ನ ತೊಂದರೆ ಕ್ಯಾಮೆರಾದ ಲೆನ್ಸಿನದು. ಆಲ್ಬಿನಿಸಂನ ತೊಂದರೆ ಲೆನ್ಸಿನ ಹಿಂದಿನ ಸೆನ್ಸರ್‌ನದು.

ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಡುವೆ ಒಂದು ಪುಟ್ಟ ಗುಳಿ ಇರುತ್ತದೆ. ಅಕ್ಷರ ಓದುವುದು, ಮುಖ ಗುರುತಿಸುವುದು ಮುಂತಾದ ಸೂಕ್ಷ್ಮ ಕೆಲಸವೆಲ್ಲ ಅದರದು. ಮಗು ಗರ್ಭದಲ್ಲಿದ್ದಾಗ ಈ ಗುಳಿ ಸರಿಯಾಗಿ ರೂಪುಗೊಳ್ಳಬೇಕಾದರೆ ಮೆಲನಿನ್ ತಯಾರಾಗುವ ಕ್ರಿಯೆ ಸರಿಯಾಗಿ ನಡೆಯಬೇಕು. ನಡೆಯದಿದ್ದರೆ ಗುಳಿ ಅರೆಬರೆ ಬೆಳೆಯುತ್ತದೆ. ಜೊತೆಗೆ ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳ ಹಾದಿಯೂ ಬದಲಾಗುತ್ತದೆ. ಸಾಮಾನ್ಯವಾಗಿ ಪ್ರತಿ ಕಣ್ಣಿನಿಂದ ಸುಮಾರು ಅರ್ಧ ಎಳೆಗಳು ಮಿದುಳಿನ ಎದುರು ಬದಿಗೆ ದಾಟುತ್ತವೆ, ಉಳಿದವು ಅದೇ ಬದಿಯಲ್ಲಿ ಉಳಿಯುತ್ತವೆ. ಆಲ್ಬಿನಿಸಂನಲ್ಲಿ ಬಹುಪಾಲು ದಾಟಿಬಿಡುತ್ತವೆ. ಎರಡು ಕಣ್ಣಿನ ಚಿತ್ರಗಳನ್ನು ಹೊಂದಿಸಿ ದೂರ, ಆಳ ಅಳೆಯುವುದು ಇದರಿಂದ ಕಷ್ಟವಾಗುತ್ತದೆ. ಮೆಟ್ಟಿಲು ಇಳಿಯುವಾಗ, ಹಾರಿಬರುವ ಚೆಂಡು ಹಿಡಿಯುವಾಗ ಇದು ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ಕಣ್ಣಾಲಿಗಳ ಅಲುಗಾಟ. ಅವು ತಾವಾಗಿಯೇ ಆ ಕಡೆ ಈ ಕಡೆ ಓಲಾಡುತ್ತವೆ. ಹುಟ್ಟಿನಿಂದ ಹಾಗಿರುವುದರಿಂದ ಅವರಿಗೆ ಪ್ರಪಂಚ ಅಲುಗಾಡಿದಂತೆ ಕಾಣುವುದಿಲ್ಲ. ಆದರೆ ಕತ್ತನ್ನು ಒಂದು ಕೋನಕ್ಕೆ ಓರೆ ಮಾಡಿದರೆ ಅಲುಗಾಟ ಕಡಿಮೆಯಾಗಿ ಓದುವುದು ಸುಲಭವಾಗುತ್ತದೆ. ಓರೆಗಣ್ಣಿನಲ್ಲಿ ನೋಡುವ ಹುಡುಗನನ್ನು ಮೇಷ್ಟರು ಉದ್ಧಟ ಎಂದುಕೊಳ್ಳುವುದು ಇಂಥ ಕಡೆಯೇ. ಜೊತೆಗೆ ಕಣ್ಣಿನ ಪಾಪೆಯ ಸುತ್ತಲಿನ ಪರದೆಯಲ್ಲಿ ಬಣ್ಣ ಇಲ್ಲದ್ದರಿಂದ ಬೆಳಕನ್ನು ಅದು ಪೂರ್ತಿ ತಡೆಯುವುದಿಲ್ಲ. ಹಗಲು ಹೊರಗೆ ಬಂದರೆ ಕಣ್ಣು ಕುಕ್ಕುತ್ತದೆ. ಎಲ್ಲರಿಗೂ ದೃಷ್ಟಿ ಒಂದೇ ಪ್ರಮಾಣದಲ್ಲಿ ಕಡಿಮೆ ಇರುವುದಿಲ್ಲ. ಕೆಲವರಿಗೆ ಮಾತ್ರ, ಸಾಮಾನ್ಯ ಕಣ್ಣು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು 6 ಮೀಟರ್ ಹತ್ತಿರ ಬಂದು ನೋಡಬೇಕಾಗುತ್ತದೆ. ಕನ್ನಡಕ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಸರಿಮಾಡಲಾರದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಟ್ಯಾಸಿಟಸ್ ಸಂಪಾದಿಸಿದ ಕಣ್ಣುಗಳೇ ಅದಕ್ಕೆ ಸಾಕ್ಷಿ.

ನಗು ಯಾರದು?

1903ರಲ್ಲಿ ಸ್ಪೂನರ್ ನ್ಯೂ ಕಾಲೇಜಿನ ವಾರ್ಡನ್ ಆದರು. ಹಾಸ್ಟೆಲ್ ವಾರ್ಡನ್ ಎಂದು ತಿಳಿಯಬೇಡಿ. ಅಲ್ಲಿ ಕಾಲೇಜಿನ ಮುಖ್ಯಸ್ಥನಿಗೇ ವಾರ್ಡನ್ ಎಂದು ಹೆಸರು. ಪುಟ್ಟ ಆಕಾರ, ದೇಹಕ್ಕೆ ತುಸು ದೊಡ್ಡದೆನಿಸುವ ತಲೆ, ಬಿಳಿ ಕೂದಲು, ಗುಲಾಬಿ ಮುಖ. ಅಂಗಳದಲ್ಲಿ ಅವರು ನಡೆದು ಬರುತ್ತಿದ್ದರೆ ದೂರದಿಂದಲೇ ಗುರುತು ಸಿಗುತ್ತಿತ್ತು. ಅವರ ಕಡೆಯಿಂದ ಅದು ಹಾಗಿರಲಿಲ್ಲ. ಎದುರು ಬರುವವನು ಯಾರು ಎಂದು ತಿಳಿಯಲು ಮಂದ ದೃಷ್ಟಿಯವರಿಗೆ ಅವನು ತೀರಾ ಹತ್ತಿರ ಬರಬೇಕು. ಇಂಥವರ ಬಗ್ಗೆ ಮರೆಗುಳಿ ಎಂಬ ಕಥೆಗಳು ಹುಟ್ಟುವುದು ಸುಲಭ. ಸ್ಪೂನರ್ ಬಗ್ಗೆಯೂ ಹುಟ್ಟಿದವು.

ಮಾತಿನಲ್ಲಿ ಅಕ್ಷರ ಅದಲುಬದಲಾಗುವ ಖ್ಯಾತಿ ಅದಕ್ಕೂ ಮೊದಲೇ ಬಂದಿತ್ತು. 1885ರ ಸುಮಾರಿಗೇ ಆಕ್ಸ್‌ಫರ್ಡ್‌ನಲ್ಲಿ ಸ್ಪೂನರಿಸಂ ಎಂಬ ಪದ ಓಡಾಡುತ್ತಿತ್ತು. ಅವರ ಬಾಯಿ ಆಗೊಮ್ಮೆ ಈಗೊಮ್ಮೆ ತಪ್ಪಿದ್ದು ನಿಜವೇ. ಆದರೆ ಇವತ್ತು ಪುಸ್ತಕಗಳಲ್ಲಿ, ಕ್ವಿಜ್‌ಗಳಲ್ಲಿ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಮೋಜಿನ ಉದಾಹರಣೆಗಳಲ್ಲಿ ಹೆಚ್ಚಿನವು ವಿದ್ಯಾರ್ಥಿಗಳು ಕೂತು ಹೊಸೆದವು. ನಾವು ಹಾಸ್ಟೆಲಿನಲ್ಲಿ ‘ಸೋಳಿ ಕಾರು’ ಮಾಡಿದಂತೆಯೇ. ವ್ಯತ್ಯಾಸ ಇಷ್ಟೇ, ಅವರು ತಾವು ಹೊಸೆದದ್ದನ್ನು ಒಬ್ಬ ಮೇಷ್ಟರ ಬಾಯಿಗೆ ಹಾಕಿದರು. ಆ ಖ್ಯಾತಿ ಸ್ಪೂನರ್‌ಗೆ ಹಿತವೆನಿಸಿರಲಿಲ್ಲ.

ಒಂದು ಮಾತು ಸ್ಪಷ್ಟವಾಗಲಿ. ಆಲ್ಬಿನಿಸಂನಿಂದ ನಾಲಿಗೆ ತಡವರಿಸುವುದಿಲ್ಲ. ಅಕ್ಷರ ಅದಲುಬದಲಾಗುವುದು ಯಾರಿಗೂ ಆಗಬಹುದು, ನಮ್ಮ ಬಕೆಟ್ ಗೆಳೆಯನಿಗೂ ಆಯಿತು. ಆದರೆ ನೋಡಲು ಬೇರೆ ಥರ ಇರುವವನ ಒಂದು ತಪ್ಪು ಎಲ್ಲರಿಗೂ ನೆನಪಿರುತ್ತದೆ. ಉಳಿದವರ ನೂರು ತಪ್ಪು ಅಂದೇ ಮರೆತುಹೋಗುತ್ತದೆ.

ಒಂದೇ ಅಂಗಳದಲ್ಲಿ ಮೂರು ಉತ್ತರಗಳು

ಸ್ಪೂನರ್ ಬದುಕಿನಲ್ಲಿ ನನಗೆ ಅತ್ಯಂತ ಬೆರಗು ತಂದ ಭಾಗ ಈಗ ಬರುತ್ತದೆ. ಅವರು ಹುಟ್ಟಿದಾಗ ಇಲ್ಲದಿದ್ದ ಉತ್ತರ, ಅವರು ವಾರ್ಡನ್ ಆಗಿದ್ದ ಕಾಲದಲ್ಲಿ ತುಂಡು ತುಂಡಾಗಿ ಸಿದ್ಧವಾಯಿತು. ಅದನ್ನು ಕಟ್ಟಿದ ಮೂವರು ಅವರ ಕಾಲೇಜಿಗೆ ಅಥವಾ ಅವರ ಊರಿಗೆ ಬಂದು ಸೇರಿದರು.

ಮೊದಲನೆಯವರು ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಮೂತ್ರ ಕಪ್ಪಾಗುವ ಒಂದು ಅಪರೂಪದ ತೊಂದರೆಯನ್ನು ಗಮನಿಸುತ್ತಿದ್ದ ಅವರಿಗೆ, ಅಂಥ ಮಕ್ಕಳ ಅಪ್ಪ ಅಮ್ಮ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳಾಗಿರುವುದು ಹೆಚ್ಚೆಂದು ಕಂಡಿತು. 1908ರ ಉಪನ್ಯಾಸಗಳಲ್ಲಿ ಅವರು ಆಲ್ಬಿನಿಸಂ ಸೇರಿದಂತೆ ನಾಲ್ಕು ಸ್ಥಿತಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದೇಹ ಒಂದು ಕಾರ್ಖಾನೆಯಂತೆ. ಒಂದು ವಸ್ತು ಹಂತ ಹಂತವಾಗಿ ಇನ್ನೊಂದಾಗುತ್ತದೆ. ಪ್ರತಿ ಹಂತಕ್ಕೂ ಒಂದು ಕಿಣ್ವ ಬೇಕು. ಹುಟ್ಟಿನಿಂದಲೇ ಒಂದು ಕಿಣ್ವ ಇಲ್ಲದಿದ್ದರೆ ಆ ಹಂತದಲ್ಲಿ ಕೆಲಸ ನಿಲ್ಲುತ್ತದೆ. ಇದು ಗ್ಯಾರಡ್ ವಾದ. ಅದು ಸರಿಯಾಗಿತ್ತು. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ತಯಾರಾಗುತ್ತದೆ, ಮೊದಲ ಹೆಜ್ಜೆಗೆ ಬೇಕಾದ ಕಿಣ್ವ ಟೈರೋಸಿನೇಸ್. ಅದರ ಸೂಚನೆ ಇರುವ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ ಎಂದು ಈಗ ತಿಳಿದಿದೆ. ಗ್ಯಾರಡ್ 1920ರಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಆಕ್ಸ್‌ಫರ್ಡ್‌ಗೆ ಬಂದರು.

ಎರಡನೆಯವರು ಜೆ.ಬಿ.ಎಸ್. ಹಾಲ್ಡೇನ್. 1911ರಲ್ಲಿ ನ್ಯೂ ಕಾಲೇಜಿಗೆ ಸೇರಿದ ವಿದ್ಯಾರ್ಥಿ, ಅಂದರೆ ಸ್ಪೂನರ್ ಕೈಕೆಳಗೆ ಓದಿದ ಹುಡುಗ. ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಜೊತೆಗೂಡಿ ಇಲಿ ಸಾಕಿ, ಯಾವ ಮರಿ ಯಾವ ಬಣ್ಣ ಎಂದು ಲೆಕ್ಕ ಇಟ್ಟರು. ಅವರು ಹಿಂಬಾಲಿಸಿದ ಎರಡು ಗುಣಗಳಲ್ಲಿ ಒಂದು ಪೂರ್ತಿ ಬಿಳಿ ಬಣ್ಣ, ಇನ್ನೊಂದು ಗುಲಾಬಿ ಕಣ್ಣು. ಎರಡೂ ಗುಣಗಳು ಬಿಡಿ ಬಿಡಿಯಾಗಿ ಹಂಚಿಕೆಯಾಗದೆ ಒಟ್ಟಿಗೇ ಸಾಗುವ ಒಲವು ತೋರಿದವು. ಎರಡರ ವಂಶವಾಹಿಗಳೂ ಒಂದೇ ವರ್ಣತಂತುವಿನ ಮೇಲಿವೆ ಎಂದು ಇದರ ಅರ್ಥ. ಸಸ್ತನಿಗಳಲ್ಲಿ ಇಂಥ ಜೋಡಣೆಯನ್ನು ತೋರಿಸಿದ ಮೊದಲ ಪ್ರಬಂಧ ಅದು. 1915ರಲ್ಲಿ ಅದು ಅಚ್ಚಾದಾಗ ಹಾಲ್ಡೇನ್ ಸೇನೆಯಲ್ಲಿದ್ದರು, ಸ್ಪ್ರಂಟ್ ಯುದ್ಧದಲ್ಲಿ ತೀರಿಕೊಂಡಿದ್ದರು. ಆ ಇಲಿಗಳ ಎರಡು ವಂಶವಾಹಿಗಳಿಗೆ ಸಮನಾದವು ಮನುಷ್ಯರಲ್ಲೂ ಇವೆ. ಆಲ್ಬಿನಿಸಂಗೆ ಮುಖ್ಯ ಕಾರಣ ಅವೆರಡೇ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಮೂರನೆಯವರ ಹೆಸರು ನಿಮಗೆ ಗೊತ್ತು. ಶ್ರೀನಿವಾಸ ರಾಮಾನುಜನ್ ಅವರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಗಣಿತಜ್ಞ ಜಿ.ಎಚ್. ಹಾರ್ಡಿ. ಕೇಂಬ್ರಿಡ್ಜ್ ಬಿಟ್ಟ ಮೇಲೆ ಹಾರ್ಡಿ ಆಕ್ಸ್‌ಫರ್ಡ್‌ನಲ್ಲಿ ಜ್ಯಾಮಿತಿ ಪ್ರಾಧ್ಯಾಪಕರಾಗಿ ಸೇರಿದ್ದು ಇದೇ ನ್ಯೂ ಕಾಲೇಜನ್ನು. 1908ರಲ್ಲಿ ಅವರು ಒಂದು ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ, ಪ್ರಬಲ ಗುಣಗಳು ತಲೆಮಾರು ಕಳೆದಂತೆ ಜನಸಂಖ್ಯೆಯನ್ನೆಲ್ಲ ಆವರಿಸಿಬಿಡುವುದಿಲ್ಲ, ಹೊರಗಿನ ಒತ್ತಡ ಇಲ್ಲದಿದ್ದರೆ ಪ್ರಮಾಣ ಹಾಗೇ ಉಳಿಯುತ್ತದೆ ಎಂದು ಹೈಸ್ಕೂಲ್ ಬೀಜಗಣಿತದಲ್ಲೇ ತೋರಿಸಿದರು.

ಆ ಲೆಕ್ಕವನ್ನು ನಾನು ಲ್ಯಾಬ್ ರೆಕಾರ್ಡಿನ ಹಿಂಬದಿಯಲ್ಲಿ ಮಾಡಿ ನೋಡಿದೆ. ನೀವೂ ಮಾಡಬಹುದು. ಪ್ರತಿ ವಂಶವಾಹಿಯ ಎರಡು ಪ್ರತಿ ನಮ್ಮಲ್ಲಿರುತ್ತದೆ, ಒಂದು ಅಮ್ಮನಿಂದ, ಇನ್ನೊಂದು ಅಪ್ಪನಿಂದ. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸಾಕಷ್ಟು ಕೆಲಸ ಮಾಡುತ್ತದೆ. ಅಂಥವರ ಬಣ್ಣ ಎಲ್ಲರಂತೆ, ದೃಷ್ಟಿ ಎಲ್ಲರಂತೆ. ಅವರು ಬರೀ ವಾಹಕರು. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಆಲ್ಬಿನಿಸಂ. ಯುರೋಪು, ಅಮೆರಿಕಗಳಲ್ಲಿ ಸುಮಾರು 20,000 ಜನರಲ್ಲಿ ಒಬ್ಬರಿಗೆ ಇದು ಇದೆ ಎನ್ನುತ್ತಾರೆ. ಲೆಕ್ಕ ಸರಳವಾಗಿರಲಿ ಎಂದು ಒಂದೇ ವಂಶವಾಹಿ ಕಾರಣ ಎಂದುಕೊಳ್ಳೋಣ. 20,000ದ ವರ್ಗಮೂಲ ಸುಮಾರು 141. ಅಂದರೆ 141 ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುವುದರಿಂದ ಸುಮಾರು 70 ಜನರಲ್ಲಿ ಒಬ್ಬರು ವಾಹಕರು.

20,000ಕ್ಕೆ ಒಬ್ಬರು ಎಂದಾಗ ಅದು ಬೇರೆ ಯಾರದೋ ಮನೆಯ ವಿಷಯ. 70ಕ್ಕೆ ಒಬ್ಬರು ಎಂದಾಗ ಅದು ಒಂದು ಕ್ಲಾಸ್‌ರೂಮ್. ಇದೇ ಲೆಕ್ಕ ನಮಗೂ ಹಿಡಿದರೆ, ಜೂನಿಯರ್‌ಗೆ ಹೆಸರಿಟ್ಟು ನಕ್ಕ ನಮ್ಮ ಗುಂಪಿನಲ್ಲೇ ಒಬ್ಬ ವಾಹಕ ಇದ್ದಿರಬಹುದು. ಅದು ನಾನೇ ಆಗಿರಬಹುದು.

ಸೋದರಮಾವನ ಲೆಕ್ಕ

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ಆಲ್ಬಿನಿಸಂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದರೆ ಮುಂದಿನ ಮೂರಕ್ಕೆ ಬರುವುದಿಲ್ಲ ಎಂದಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಆಲ್ಬಿನಿಸಂ ಇದ್ದವರು ವಾಹಕರಲ್ಲದವರನ್ನು ಮದುವೆಯಾದರೆ ಮಕ್ಕಳೆಲ್ಲ ವಾಹಕರಾಗುತ್ತಾರೆ, ಯಾರಿಗೂ ಆಲ್ಬಿನಿಸಂ ಬರುವುದಿಲ್ಲ. ಆಲ್ಬಿನಿಸಂ ಇರುವ ಇಬ್ಬರಿಗೆ ಸಾಮಾನ್ಯ ಬಣ್ಣದ ಮಕ್ಕಳು ಹುಟ್ಟಿದ್ದೂ ಉಂಟು. ಇಂಗ್ಲೆಂಡಿನ ನೇತ್ರವೈದ್ಯ ಟ್ರೆವರ್-ರೋಪರ್ 1952ರಲ್ಲಿ ಅಂಥ ಕುಟುಂಬವನ್ನು ವರದಿ ಮಾಡಿದರು. ಅಪ್ಪನಲ್ಲಿ ಕೆಟ್ಟ ವಂಶವಾಹಿ ಒಂದು, ಅಮ್ಮನಲ್ಲಿ ಬೇರೊಂದು. ಹಾಗಾಗಿ ಮಕ್ಕಳಿಗೆ ಎರಡರದ್ದೂ ಒಂದೊಂದು ಒಳ್ಳೆಯ ಪ್ರತಿ ಸಿಕ್ಕಿತು. ಕಣ್ಣಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ಬಗೆಯ ಆಲ್ಬಿನಿಸಂ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಮುಖ್ಯವಾಗಿ ಗಂಡುಮಕ್ಕಳಿಗೆ ಬರುತ್ತದೆ.

ಗ್ಯಾರಡ್ ಗಮನಿಸಿದ ಹತ್ತಿರದ ನೆಂಟರ ಮದುವೆಯ ವಿಷಯ ನಮ್ಮ ನಾಡಿಗೂ ತಟ್ಟುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇಲ್ಲಿ ಇನ್ನೂ ಇದೆ. ಲೆಕ್ಕ ನೋಡಿ. ಮಾವ ವಾಹಕ ಎಂದುಕೊಳ್ಳಿ. ಅವನ ಅಕ್ಕ ವಾಹಕಿಯಾಗಿರುವ ಸಾಧ್ಯತೆ ಅರ್ಧ, ಅಕ್ಕನ ಮಗಳು ವಾಹಕಿಯಾಗಿರುವ ಸಾಧ್ಯತೆ ಕಾಲು. ಅವರಿಬ್ಬರ ಮಗುವಿಗೆ ಆಲ್ಬಿನಿಸಂ ಬರುವ ಸಾಧ್ಯತೆ 16ರಲ್ಲಿ ಒಂದು. ಅದೇ ಮಾವ ಸಂಬಂಧವೇ ಇಲ್ಲದ ಮನೆಯಿಂದ ಹೆಣ್ಣು ತಂದರೆ 280ರಲ್ಲಿ ಒಂದು. ಇದರಲ್ಲಿ ಪಾಪ ಪುಣ್ಯ ಏನೂ ಇಲ್ಲ, ಬರೀ ಗುಣಾಕಾರ. ನೆಂಟರಲ್ಲದವರ ಮಕ್ಕಳಿಗೂ ಇದು ಬರುತ್ತದೆ, ನೆಂಟರ ಮದುವೆಯಾದ ಬಹುಪಾಲು ಮನೆಗಳಲ್ಲಿ ಬರುವುದೂ ಇಲ್ಲ.

ನಮ್ಮ ಜೂನಿಯರ್ ಹುಟ್ಟಿದಾಗ ಅವನ ಅಮ್ಮ ಗ್ರಹಣ ನೋಡಿದ್ದಾಳೆ ಎಂದು ಊರವರು ಹೇಳಿದರಂತೆ. ಅವನ ಅಪ್ಪನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಎರಡು ಪ್ರತಿಗಳಲ್ಲಿ ಒಂದು ಅಪ್ಪನಿಂದ ಬರಲೇಬೇಕು ಎಂಬುದು ಮೆಂಡೆಲ್ ಕಾಲದಿಂದ ಗೊತ್ತಿರುವ ಸಂಗತಿ. ಊರು ಮಾತ್ರ ಇಡೀ ಭಾರವನ್ನು ಆ ತಾಯಿಯ ತಲೆಗೆ ಕಟ್ಟಿತು.

ಆಕ್ಸ್‌ಫರ್ಡ್ ಮೋಡ, ನಮ್ಮ ಬಿಸಿಲು

ಒಂದು ವಿಷಯದಲ್ಲಿ ಸ್ಪೂನರ್ ಅದೃಷ್ಟವಂತರು. ಇಂಗ್ಲೆಂಡಿನ ಬಿಸಿಲು ಎಳೆಯದು, ಮೋಡ ಹೆಚ್ಚು. ಅವರ ಕೆಲಸವೂ ನಾಲ್ಕು ಗೋಡೆಗಳ ಒಳಗೆ. ಮೆಲನಿನ್ ಎಂದರೆ ಚರ್ಮದ ಕೊಡೆ. ಆ ಕೊಡೆ ಇಲ್ಲದವರು ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಹೊಲದಲ್ಲಿ ಕೂಲಿ ಮಾಡಬೇಕಾದರೆ ಏನಾಗುತ್ತದೆ ಯೋಚಿಸಿ. ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ, ವರ್ಷಗಟ್ಟಲೆ ಹಾಗೇ ಆದರೆ ಚರ್ಮದ ಕ್ಯಾನ್ಸರ್ ಬರುವ ಅಪಾಯ ಬಹಳ. ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್, ಮಧ್ಯಾಹ್ನ ನೆರಳಿನ ಕೆಲಸ, ಆಗಾಗ ಚರ್ಮದ ತಪಾಸಣೆ. ಇಷ್ಟಿದ್ದರೆ ಎಲ್ಲರಷ್ಟೇ ವರ್ಷ ಆರೋಗ್ಯವಾಗಿ ಬದುಕಬಹುದು. ಸನ್‌ಸ್ಕ್ರೀನ್ ನಮಗೆ ಸೌಂದರ್ಯದ ಸಾಮಾನು, ಅವರಿಗೆ ಔಷಧ. ತಾಂಜಾನಿಯಾ, ಮಲಾವಿಯಂಥ ದೇಶಗಳಲ್ಲಿ ಬಿಸಿಲಿನ ಜೊತೆಗೆ ಮಾಟಮಂತ್ರದ ಹೆಸರಿನಲ್ಲಿ ಇವರ ಮೇಲೆ ಕೊಲೆ, ಹಲ್ಲೆಗಳೇ ನಡೆದಿವೆ. ವಿಶ್ವಸಂಸ್ಥೆ 2015ರಿಂದ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವಾಗಿ ಆಚರಿಸುತ್ತಿರುವುದು ಇಂಥ ಹಿನ್ನೆಲೆಯಲ್ಲಿ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಲ್ಬಿನಿಸಂ ಎಂಬ ಹೆಸರಿಲ್ಲ, ಆದರೆ ಮಂದ ದೃಷ್ಟಿ ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂಬ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಸಿಗಬೇಕು. 3 ಗಂಟೆಯ ಪೇಪರ್‌ಗೆ 1 ಗಂಟೆ. ಇದು ನಮ್ಮ ಜೂನಿಯರ್‌ಗೆ ಗೊತ್ತಿರಲಿಲ್ಲ. ಅವನು ಬೋರ್ಡಿನ ಫೋಟೊ ತೆಗೆದು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ. ಮೊಬೈಲ್ ನೋಡುತ್ತಾನೆ ಎಂದು ಬೈಸಿಕೊಂಡ ಮೇಲೆ ಅದನ್ನೂ ಬಿಟ್ಟ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋದವು. ಓದಿರಲಿಲ್ಲ ಎಂದು ನಾವಂದುಕೊಂಡೆವು. ಪ್ರಶ್ನೆಪತ್ರಿಕೆ ಓದಿ ಮುಗಿಸುವುದರಲ್ಲೇ ಅವನ ಸಮಯ ಹೋಗುತ್ತಿತ್ತು.

ಸ್ಪೂನರ್ 1924ರಲ್ಲಿ ನಿವೃತ್ತರಾದರು. ವಿದ್ಯಾರ್ಥಿಯಾಗಿ ಕಾಲಿಟ್ಟ ಕಾಲೇಜಿನಲ್ಲೇ 62 ವರ್ಷ ಕಳೆದಿದ್ದರು. ಅವರು ಮುಖ್ಯಸ್ಥರಾಗಿದ್ದಾಗ ಮೊದಲ ಮಹಾಯುದ್ಧದಲ್ಲಿ ಆ ಒಂದು ಕಾಲೇಜಿನ 200ಕ್ಕೂ ಹೆಚ್ಚು ಮಂದಿ ಸತ್ತರು. ಆ ಶೋಕದ ವರ್ಷಗಳಲ್ಲಿ ಸಂಸ್ಥೆಯನ್ನು ಹಿಡಿದು ನಿಲ್ಲಿಸಿದವರು, ಅದರ ನಂತರ ಹಾರ್ಡಿ, ಹಾಲ್ಡೇನ್, ಜೂಲಿಯನ್ ಹಕ್ಸ್‌ಲಿಯಂಥವರು ಕೆಲಸ ಮಾಡಿದ ಕಾಲೇಜನ್ನು ನಡೆಸಿದವರು ಅವರು. 1930ರ ಆಗಸ್ಟ್ 29ರಂದು ತೀರಿಕೊಂಡರು. ಕೆರೆ, ಗುಡ್ಡಗಳ ನಡುವಿನ ಗ್ರಾಸ್ಮಿಯರ್ ಎಂಬ ಊರಿನಲ್ಲಿ ಅವರ ಸಮಾಧಿ ಇದೆ. ನಿಘಂಟಿನಲ್ಲಿ ಮಾತ್ರ ಅವರ ಹೆಸರಿನ ಮುಂದೆ ನಾಲಿಗೆಯ ತಪ್ಪು ಎಂಬ ಅರ್ಥ ಉಳಿದಿದೆ.

ಈ ಲೆಕ್ಕವನ್ನೆಲ್ಲ ತೋರಿಸಲು ನಾನು ಜೂನಿಯರ್ ರೂಮಿಗೆ ಹೋಗಿದ್ದೆ. ಹೆಸರಿಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವನು ಲ್ಯಾಬ್ ರೆಕಾರ್ಡನ್ನು ಮೂಗಿನ ಹತ್ತಿರ ಹಿಡಿದು, ಕತ್ತು ಓರೆ ಮಾಡಿ, ಒಂದೊಂದೇ ಸಾಲು ಓದಿದ. ಕ್ಷಮೆಯ ಬಗ್ಗೆ ಏನೂ ಹೇಳಲಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಬರೆದಿದ್ದ ಸಾಲಿನ ಫೋಟೊ ತೆಗೆದುಕೊಂಡ. ಊರಿಗೆ ಹೋದಾಗ ಅಜ್ಜಿಗೆ ತೋರಿಸಬೇಕಂತೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಮುಂದಿನ ವಾರ ಇಬ್ಬರೂ ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಬೇಗ ಹೊರಡೋಣ, ಬಿಸಿಲು ಏರುವ ಮೊದಲೇ ಸಾಲಿನಲ್ಲಿ ನಿಲ್ಲಬಹುದು ಎಂದು ಹೇಳಿದ್ದಾನೆ.